ಫೈನಲ್ ದಿನದ ಬಿಸ್ಕತ್ತು

ಭಾನುವಾರ, ನವೆಂಬರ್ 2. ಜೇವರ್ಗಿ.

ಹೊಸ್ತಿಲಲ್ಲೇ ತಟ್ಟೆ ತೆಗೆದುಕೊಂಡರು. ಅದೇ ಕೊರೆಯುತ್ತಿದೆ.

ನಾನು ಈ ಊರಿಗೆ ವರ್ಗವಾಗಿ ಬಂದ ಮೇಲೆ ಪಕ್ಕದ ಮನೆಯ ಶಿವಕಾಂತಾ ಅಕ್ಕ ಮೊನ್ನೆಯೇ ಮೊದಲು ಮಾತಾಡಿಸಿದ್ದು. "ಹೆಣ್ಮಕ್ಕಳ ವರ್ಲ್ಡ್ ಕಪ್ ಫೈನಲ್ ನೋಡಾಕ ಎಲ್ಲಾರೂ ನಮ್ಮನ್ಯಾಗ ಕೂಡ್ತೇವ್ರಿ. ನೀವು ಬಿಸ್ಕೀಟ್ ಚೊಲೊ ಮಾಡ್ತೀರಂತಲ್ರಿ, ಒಂದಿಷ್ಟು ಮಾಡ್ರಿ" ಎಂದಿದ್ದರು. ನನ್ನನ್ನೂ ಕರೆದರೆಂದೇ ತಿಳಿದೆ.

ಬ್ಯಾಟು, ಚೆಂಡು, ಸ್ಟಂಪಿನ ಆಕಾರಕ್ಕೆ ಕತ್ತರಿಸಿ ಬೇಯಿಸಿ, ಮೇಲೆ ನೀಲಿ ಸಕ್ಕರೆ ಪಾಕ ಬಳಿದೆ. ಹೊಸ ಸೀರೆ ಉಟ್ಟು ಹೋದೆ.

"ಅಯ್ಯ, ಎಷ್ಟ್ ಛಂದ ಮಾಡೀರ್ರಿ! ತಾಟು ನಾಳಿ ಕಳಸ್ತೇನ್ರಿ" ಎಂದು ಬಾಗಿಲು ಮುಂದೆ ಮಾಡಿಕೊಂಡರು.

ಮ್ಯಾಚನ್ನು ಮೊಬೈಲಿನಲ್ಲಿ ಒಬ್ಬಳೇ ನೋಡಿದೆ. ಪ್ರತಿ ಸಲವೂ ಗೋಡೆಯಾಚೆ ಕೇಕೆ ಮೊದಲು, ನನ್ನ ಮೊಬೈಲಿನಲ್ಲಿ ವಿಕೆಟ್ ಆಮೇಲೆ. ಕೊನೆಗೆ ದೊಡ್ಡ ಕೇಕೆ ಕೇಳಿಸಿತು, ಗೆದ್ದೆವು ಎಂದು ಎದ್ದುನಿಂತು ಚಪ್ಪಾಳೆ ತಟ್ಟಿದೆ. ಮೊಬೈಲಿನಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದಳು.