ಅಪ್ಪನ ಎದೆಗೊಂದು ಬೆಂಕಿ ಗೆರೆ

ವಿಮಾ ಯೋಜನೆಯ ಅನುಮೋದನಾಧಿಕಾರಿಗಳಿಗೆ,

ಮಾನ್ಯರೇ, ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಆದರೆ ವಿಷಯ ನೆಟ್ಟಗಿದೆ. ನನ್ನ ಅಪ್ಪ ಲುಯಿಸನ ಹೃದಯದ ಚಿಕಿತ್ಸೆಗೆ ನೀವು ಒಪ್ಪಿಗೆ ಕೊಡುತ್ತಿಲ್ಲ. ಆಗದು ಎಂದೂ ಹೇಳುತ್ತಿಲ್ಲ. “ಸತತ ಏಟ್ರಿಯಲ್ ಫಿಬ್ರಿಲೇಶನ್‌ಗೆ ಲಭ್ಯವಿರುವ ಅಬ್ಲೇಶನ್ ವಿಧಾನಗಳ ತುಲನಾತ್ಮಕ ಪರಿಶೀಲನೆ ಪ್ರಗತಿಯಲ್ಲಿರುವುದರಿಂದ ಅನುಮೋದನೆಯನ್ನು ತಡೆಹಿಡಿಯಲಾಗಿದೆ” ಎಂದು ಬರೆದಿದ್ದೀರಿ. ಇಷ್ಟು ಉದ್ದದ, ಇಷ್ಟು ಚೆಂದದ ವಾಕ್ಯ ನಮ್ಮ ಮನೆಗೆ ಈವರೆಗೆ ಬಂದಿರಲಿಲ್ಲ. ಅಪ್ಪ ಅದನ್ನು ಮತ್ತೆ ಮತ್ತೆ ಓದಿಸಿ, “ಅಂದ್ರ ಹೂಂ ಅಂದಾರೋ, ಊಹೂಂ ಅಂದಾರೋ?” ಎಂದು ಕೇಳಿದ. ನಿಮಗೆ ಗೊತ್ತೇ?

ಅದನ್ನೇ ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ಹೊಸಬರ ಮುಂದೆ ನನಗೆ ದನಿ ಹೊರಡುವುದಿಲ್ಲ. ಕಿಟಕಿಯ ಆಚೆ ಕುಳಿತವರು, “ಏನವಾ, ಬಾಯಾಗ ಅಡಕಿ ಇಟ್ಕೊಂಡ ಬಂದಿಯೇನು? ಬರದ ಕೊಡ ಹೋಗು” ಎಂದರು. ಬರೆದು ಕೊಟ್ಟೆ. ಉತ್ತರ ಬರಲಿಲ್ಲ. ಒಬ್ಬರೇ ಓದುವಂತೆ ಬರೆದದ್ದು ನನ್ನ ತಪ್ಪಿರಬೇಕು. ಅದಕ್ಕೇ ಈಗ ಎಲ್ಲರೂ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಅಪ್ಪ ಹಳಿಯಾಳದ ಕಾಡಿನಲ್ಲಿ ಬೆಂಕಿ ಕಾಯುವ ದಿನಗೂಲಿ. ಬಿರುಬೇಸಿಗೆಗೆ ಮೊದಲೇ ಕಾಡಿನ ಅಂಚಿನ ತರಗೆಲೆಯನ್ನು ಪಟ್ಟಿಯಾಗಿ ಸುಟ್ಟು ಗೆರೆ ತೆಗೆಯುವುದು ಅವನ ಕೆಲಸ. ಆಚೆ ಬೆಂಕಿ ಬಿದ್ದರೂ ಸುಟ್ಟ ಗೆರೆಯ ಮೇಲೆ ತಿನ್ನಲು ಏನೂ ಸಿಗದೆ ಅದು ಅಲ್ಲೇ ಸಾಯುತ್ತದೆ. ಹೋದ ವರ್ಷದಿಂದ ಅವನ ಹೃದಯದ ಮೇಲಿನ ಕೋಣೆ ಬಡಿಯುವುದನ್ನು ಬಿಟ್ಟು ನಡುಗುತ್ತಿದೆ. ಮಾತ್ರೆ ಕೊಟ್ಟರು. ಮಲಗಿಸಿ ಕರೆಂಟ್ ಕೊಟ್ಟು ತಾಳಕ್ಕೆ ತಂದರು. ಒಂದು ತಿಂಗಳೂ ನಿಲ್ಲಲಿಲ್ಲ. ಈಗ ಬಾವಿಯಿಂದ ಒಂದು ಕೊಡ ತಂದರೆ ಏದುಸಿರು.

ಕೊನೆಗೆ ಹುಬ್ಬಳ್ಳಿಯ ಡಾಕ್ಟರಮ್ಮ ಅಬ್ಲೇಶನ್ ಮಾಡಬೇಕೆಂದರು. ಶ್ವಾಸಕೋಶದ ರಕ್ತನಾಳಗಳು ಹೃದಯಕ್ಕೆ ಸೇರುವ ಕಡೆಯಿಂದ ದಾರಿ ತಪ್ಪಿದ ಕಿಡಿಗಳು ಬರುತ್ತವಂತೆ. ತೊಡೆಯ ಸಂದಿಯಿಂದ ಸಣ್ಣ ನಳಿಕೆ ತೂರಿಸಿ, ಆ ಬಾಯಿಗಳ ಸುತ್ತ ಸುಟ್ಟು, ಕಿಡಿ ದಾಟದಂತೆ ಮಾಡುತ್ತಾರಂತೆ. ಅಪ್ಪನ ಮುಖ ಅರಳಿತು. ಕಸುಬಿನ ಮಾತು ಬಂದರೆ ಅವನು ಸುಮ್ಮನಿರುವವನಲ್ಲ.

“ಡಾಕ್ಟರ ಬಾಯಾರ, ಒಂದ ಗೆರಿ ಸಾಲೂದಿಲ್ರಿ. ಗಾಳಿ ಎದ್ರ ಕಿಡಿ ಹಾರತೈತಿ. ಒಳಗೂ ಅಡ್ಡ ನಾಕ ಗೆರಿ ಎಳೀರಿ” ಎಂದು ಅವರಿಗೇ ಪಾಠ ಹೇಳಿದ.

ಅವರು ನಕ್ಕರು. “ನಾವೂ ಹಂಗ ಅಂದ್ಕೊಂಡಿದ್ವಿ ಲುಯಿಸಣ್ಣ. ಹೋಲಿಸಿ ನೋಡಿದ್ರ, ಹೆಚ್ಚು ಸುಡಿಸಿಕೊಂಡವರಿಗೆ ಹೆಚ್ಚು ಗುಣ ಆಗಲಿಲ್ಲ. ಇದು ಕಾಡಲ್ಲ.”

ಅಪ್ಪ ಸೋತದ್ದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಶಾಖದಿಂದ ಸುಡಬಹುದು, ಒಳಗೆ ತಣ್ಣನೆಯ ಬಲೂನು ಉಬ್ಬಿಸಿ ಹೆಪ್ಪುಗಟ್ಟಿಸಬಹುದು, ಹೊಸದಾಗಿ ಬಂದ ವಿದ್ಯುತ್ ಮಿಡಿತದಿಂದಲೂ ಆ ಗೆರೆ ಎಳೆಯಬಹುದು ಎಂದು ಅವರು ವಿವರಿಸಿದರು. ಒಂದೊಂದಕ್ಕೂ ಒಂದೊಂದು ಅಪಾಯವಿದೆ, ಒಂದೇ ಸಲಕ್ಕೆ ಗುಣವಾಗುತ್ತದೆಂಬ ಭರವಸೆ ಯಾವುದಕ್ಕೂ ಇಲ್ಲ, ಆದರೆ ಫಲದಲ್ಲಿ ಭೂಮಿ ಆಕಾಶದ ಅಂತರವೂ ಇಲ್ಲ ಎಂದರು. ತಮ್ಮ ಕೈ ಪಳಗಿರುವುದು ಶಾಖದಲ್ಲಿ, ಅದನ್ನೇ ಮಾಡುತ್ತೇನೆ ಎಂದರು. ಹೊರಡುವಾಗ ಒಂದು ಮಾತು ಸೇರಿಸಿದರು: ನಡುಕ ಹಳೆಯದಾದಷ್ಟೂ ಹೃದಯ ಅದಕ್ಕೇ ಒಗ್ಗಿಕೊಳ್ಳುತ್ತದೆ, ಆಮೇಲೆ ಯಾವ ವಿಧಾನವೂ ಅಷ್ಟಾಗಿ ಫಲಿಸದು.

ಮಾನ್ಯರೇ, ಶಾಖ, ತಂಪು, ಮಿಡಿತ ಈ ಮೂರನ್ನು ನೀವು ತಕ್ಕಡಿಯಲ್ಲಿ ತೂಗುತ್ತಿದ್ದೀರಿ. ಒಳ್ಳೆಯದೇ, ತೂಗಬೇಕು. ಆದರೆ ನನ್ನ ಅಪ್ಪನ ಮೇಲೆ ನೀವು ಪ್ರಯೋಗಿಸುತ್ತಿರುವುದು ನಾಲ್ಕನೇ ವಿಧಾನ, ಕಾಯಿಸುವುದು. ನಳಿಕೆ ಬೇಡ, ಬಲೂನು ಬೇಡ, ಕುರ್ಚಿಯಿಂದ ಏಳುವುದೂ ಬೇಡ. ಅದನ್ನು ಯಾವುದರ ಜೊತೆ ಹೋಲಿಸಿದ್ದೀರಿ? ಅದರ ಫಲ ಯಾರು ಬರೆದಿಡುತ್ತಿದ್ದಾರೆ? ಜೋಯಿಡಾದ ಗುಡ್ಡಕ್ಕೆ ಬೆಂಕಿ ಬಿದ್ದಾಗ ಹಸಿ ಸೊಪ್ಪಿನಿಂದ ಬಡಿಯುವುದು ಮೇಲೋ, ಎದುರಿನಿಂದ ಬೆಂಕಿ ಹಚ್ಚಿ ತಡೆಯುವುದು ಮೇಲೋ ಎಂದು ನನ್ನ ಅಪ್ಪ ಸಮಿತಿ ಕೂರಿಸಿದ್ದರೆ, ನೀವು ರಜೆಗೆ ಬಂದು ಹುಲಿ ನೋಡುವ ಕಾಡು ಉಳಿದಿರುತ್ತಿತ್ತೇ?

ಅಪ್ಪ ತನ್ನ ಹಟವನ್ನು ಡಾಕ್ಟರಮ್ಮನ ಒಂದೇ ಮಾತಿಗೆ ಬಿಟ್ಟ. ನಿಮ್ಮಿಂದಲೂ ಅಷ್ಟೇ ಕೇಳುತ್ತೇನೆ. ರೋಗಿಯನ್ನು ನೋಡುವ ವೈದ್ಯರು ಆರಿಸಿದ ವಿಧಾನಕ್ಕೆ ಈ ವಾರವೇ ಒಪ್ಪಿಗೆ ಕೊಡಿ. ಅಪ್ಪನಂತೆ ಒಪ್ಪಿಗೆಗೆ ಕಾದಿರುವ ಎಲ್ಲರಿಗೂ ಕೊಡಿ. ಆಮೇಲೆ ನೀವು ಪಿಂಚಣಿ ಪಡೆಯುವವರೆಗೂ ಹೋಲಿಸಿರಿ, ಯಾರೂ ಬೇಡ ಎನ್ನುವುದಿಲ್ಲ.

ಇವತ್ತು ಬೆಳಿಗ್ಗೆ ಅಪ್ಪ ನಮ್ಮ ಮನೆಯ ಸುತ್ತ ಗೆರೆ ತೆಗೆಯಲು ಕಡ್ಡಿಪೆಟ್ಟಿಗೆ ಹಿಡಿದು ಹೊರಟ. ಹಿತ್ತಲು ದಾಟುವಷ್ಟರಲ್ಲಿ ಎದೆ ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತ. ಪೆಟ್ಟಿಗೆ ನನ್ನ ಕಡೆ ಚಾಚಿದ. ಉಳಿದ ಗೆರೆಯನ್ನು ನಾನು ಸುಟ್ಟು ಮುಗಿಸಿದೆ.

ಇಂತಿ,
ನಿಮ್ಮ ಕಿಟಕಿಯಲ್ಲಿ ದನಿ ಹೊರಡದೆ ಹಿಂದಿರುಗಿದ
ಸ್ವಪ್ನಾ ಲುಯಿಸ್ ಸಿದ್ದಿ
ಹಳಿಯಾಳ ತಾಲೂಕು