ಅಲ್ಚೆಯೊ, ನಿನ್ನ ಸಿನಿಮಾ ನೋಡಿ ಬಂದೆ

ಮೊದೆನಾ, ಅಕ್ಟೋಬರ್ 2019

ಅಲ್ಚೆಯೊ,

ಅರವತ್ತೊಂದು ವರ್ಷ ನಿನಗೆ ಒಂದು ಸಾಲೂ ಬರೆಯದೆ ಇದ್ದವಳು ಈಗ ಕೂತು ಬರೆಯುತ್ತಿದ್ದೇನೆ. ಸತ್ತವರ ಜೊತೆ ಮಾತಾಡುವ ಅಭ್ಯಾಸ ನನಗಿಲ್ಲ, ಗಂಡ ಹೋದಾಗಲೂ ಮಾತಾಡಲಿಲ್ಲ. ಆದರೆ ನಿನ್ನ ಮೇಲೊಂದು ಸಿನಿಮಾ ಬಂದಿದೆ. ಅದರಲ್ಲಿ ನೀನು ಒಬ್ಬ ಹೆಣ್ಣಿಗಾಗಿ ಪ್ರಾಣ ಬಿಡುತ್ತೀಯ. ಆ ಹೆಣ್ಣು ನಾನಂತೆ.

ನಗು. ನಾನೂ ಮೊದಲು ನಕ್ಕೆ. ಪರದೆಯ ಮೇಲೆ ನನಗೆ ಕೆಂಪು ಉಡುಪು ತೊಡಿಸಿ, ಟ್ರ್ಯಾಕಿನ ಬದಿಯಲ್ಲಿ ಕೂದಲು ಹಾರಾಡುವಂತೆ ನಿಲ್ಲಿಸಿದ್ದಾರೆ. ಮಾರ್ಚ್ ತಿಂಗಳ ಮಂಜಿನಲ್ಲಿ ನಾನು ತೊಡುತ್ತಿದ್ದುದು ಅಣ್ಣನ ಮಿಲಿಟರಿ ಕೋಟು. ತೋಳು ಎರಡು ಮಡಿಕೆ ಮಡಿಚಿ, ಕೊರಳಿಗೆ ಎರಡು ಸ್ಟಾಪ್‌ವಾಚ್ ನೇತುಹಾಕಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ. ನಿಮ್ಮ ಸುತ್ತುಗಳ ಕಾಲ ಬರೆದುಕೊಳ್ಳುವುದು ನನ್ನ ಕೆಲಸ; ಎಡಗೈಯ ಗಡಿಯಾರ ನಿನಗೆ, ಬಲಗೈಯದು ನಮ್ಮ ಇನ್ನೊಬ್ಬ ಓಡಿಸುವವ ಕೊರ್ರಾದೊಗೆ. ಸಿನಿಮಾದಲ್ಲಿ ಗಡಿಯಾರವೇ ಇಲ್ಲ. ನಾನು ಅಳುವುದಕ್ಕೆ ಮಾತ್ರ ಇದ್ದೇನೆ.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಎಂಬತ್ತನಾಲ್ಕರ ಮುದುಕಿಗೆ ಪುಕ್ಕಟೆ ಸೌಂದರ್ಯ ಕೊಟ್ಟರೆ ಬೇಡ ಎನ್ನುವುದೇಕೆ? ಆದರೆ ಅವರು ಕೊರ್ರಾದೊನನ್ನು ನೀಚನನ್ನಾಗಿ ಮಾಡಿದ್ದಾರೆ. ನಿನ್ನ ಕಾರು ಉರುಳಿದಾಗ ಅವನು ದೂರದಲ್ಲಿ ನಿಂತು ಸಿಗರೇಟು ಹಚ್ಚುತ್ತಾನೆ. ನಿನ್ನನ್ನು ಹೊಟ್ಟೆಕಿಚ್ಚಿನಲ್ಲಿ ಕಣ್ಣು ಕುರುಡಾದ ಮೂರ್ಖನನ್ನಾಗಿ ಮಾಡಿದ್ದಾರೆ. ನಮ್ಮ ಧಣಿ ಬೆಲ್ಲೆಯಿಯನ್ನು ಮಾತ್ರ ಮಗನನ್ನು ಕಳೆದುಕೊಂಡ ತಂದೆಯಂತೆ ಶವದ ಮುಂದೆ ಮಂಡಿಯೂರಿಸಿದ್ದಾರೆ. ಅಲ್ಲಿಗೆ ನನ್ನ ನಗು ನಿಂತಿತು.

ನಿಮ್ಮಿಬ್ಬರ ಹಗೆ ಸುಳ್ಳೆಂದು ನಾನು ಹೇಳುವುದಿಲ್ಲ. ಅದು ನಿಜವಾಗಿತ್ತು, ಉಪ್ಪಿನಷ್ಟು ನಿಜ. ಊರಿನ ದೊಡ್ಡ ಹೆಸರಿನ ಕಾರ್ಖಾನೆಗಳ ನೆರಳಲ್ಲಿ ಹದಿನೆಂಟು ಜನರನ್ನು ಕಟ್ಟಿಕೊಂಡು ನೀಲಿ ಪಂದ್ಯದ ಕಾರು ಮಾಡುತ್ತಿದ್ದ ಬೆಲ್ಲೆಯಿಗೆ ಓಡಿಸುವವರು ಇಬ್ಬರು, ಒಳ್ಳೆಯ ಕಾರು ಒಂದೇ. ನೀನು ಚೀಸ್ ಕಾರ್ಖಾನೆಗೆ ಹಾಲಿನ ಗಾಡಿ ಹೊಡೆಯುವವನ ಮಗ. ಅವನು ಬೊಲೊನ್ಯಾದ ವಕೀಲರ ಮನೆತನದವನು, ಹದಿನಾರಕ್ಕೇ ಅಪ್ಪನ ಕಾರು ಓಡಿಸಿದವನು. ಅವನು ಮೊದಲ ದಿನ ಬಿಳಿ ಕೈಗವಸು ಹಾಕಿಕೊಂಡು ಬಂದಾಗ ನೀನು ಎಲ್ಲರೆದುರು ಕೇಳಿದ್ದೆ, "ಏನ್ ದೊರೆಮಗ, ಪೂಜೆಗೆ ಬಂದ್ಯಾ, ಕಾರ್ ಓಡ್ಸೋಕೆ ಬಂದ್ಯಾ?" ಅವನು ಗವಸು ಬಿಚ್ಚದೆ ಹೇಳಿದ, "ಹಾಲಿನ ಗಾಡಿ, ನೀನು ಕುದುರೆ ಹೂಡು. ಅಷ್ಟರಲ್ಲಿ ನಾನು ಮೂರು ಸುತ್ತು ಮುಗಿಸ್ತೀನಿ." ಅಂದಿನಿಂದ ಮೂರು ವರ್ಷ ನೀವು ಒಬ್ಬರಿಗೊಬ್ಬರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ.

ಆದರೂ ಭಾನುವಾರ ಪ್ರೀಮೊನ ಹೆಂಡತಿ ಎಲ್ಲರಿಗೂ ಸಾರಿನಲ್ಲಿ ಬೇಯಿಸಿದ ತೊರ್ತೆಲ್ಲೀನಿ ಕಡುಬು ಬಡಿಸುವಾಗ ನೀವು ಎದುರುಬದುರೇ ಕೂರುತ್ತಿದ್ದಿರಿ. ಪ್ರೀಮೊ ನಮ್ಮ ಹಿರಿಯ ಮೆಕ್ಯಾನಿಕ್. ಅವನ ಮನೆಯಲ್ಲಿ ಜಗಳಕ್ಕೆ ಜಾಗವಿರಲಿಲ್ಲ. ಬಿಸಿ ಸಾರಿನ ಹಬೆಯಲ್ಲಿ ನೀವು ಚಮಚದಿಂದ ಮೇಜಿನ ಮೇಲೆ ತಿರುವುಗಳನ್ನು ಗೀಚುತ್ತಾ, ಇಲ್ಲಿ ಗೇರ್ ಇಳಿಸಬೇಕು, ಇಲ್ಲಿ ಇಳಿಸಬಾರದು ಎಂದು ಕಚ್ಚಾಡುತ್ತಿದ್ದಿರಿ. ಸಾರು ಆರಿಹೋಗುತ್ತಿತ್ತು. ಒಬ್ಬನಿಲ್ಲದ ಭಾನುವಾರ ಇನ್ನೊಬ್ಬನಿಗೆ ಊಟ ಸೇರುತ್ತಿರಲಿಲ್ಲ; ಅದನ್ನು ಸ್ನೇಹ ಎಂದು ಕರೆಯುವ ಧೈರ್ಯ ನನಗಿಲ್ಲ.

ಈ ಹಗೆಗೆ ಗಾಳಿ ಹಾಕುತ್ತಿದ್ದವನು ಧಣಿ. ನಿನ್ನ ಸುತ್ತಿನ ಕಾಲವನ್ನು ಅವನಿಗೆ ಅರ್ಧ ಸೆಕೆಂಡು ಕಡಿಮೆ ಮಾಡಿ ಹೇಳುತ್ತಿದ್ದ, ಅವನದನ್ನು ನಿನಗೆ. ಕಾಲ ಬರೆದ ಹಾಳೆ ನನ್ನ ಕೈಯಲ್ಲಿದ್ದುದರಿಂದ ನನಗೆ ಗೊತ್ತಾಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ, ಅಲ್ಚೆಯೊ. ಅದು ಆಟವೆಂದುಕೊಂಡಿದ್ದೆ. ಇಪ್ಪತ್ಮೂರು ವರ್ಷ ನನಗೆ. ಅದೊಂದು ತಪ್ಪನ್ನು ನಾನು ಇಂದಿಗೂ ಹೊತ್ತಿದ್ದೇನೆ, ಮಿಕ್ಕ ಯಾವುದನ್ನೂ ಹೊರುವುದಿಲ್ಲ.

ಆ ಬೆಳಿಗ್ಗೆಯನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮಧ್ಯಾಹ್ನ ಮಿಲಾನಿನಿಂದ ಕಾರು ಕೊಳ್ಳುವವರು ಬರುವುದಿತ್ತು. ಹಳೆಯ ವಿಮಾನ ಮೈದಾನದ ಟ್ರ್ಯಾಕಿನಲ್ಲಿ ನೀನು ಹೊಸ ಕಾರನ್ನು ಒಂಬತ್ತು ಗಂಟೆಗೆ ಇಳಿಸಿದೆ. ನಾಲ್ಕನೇ ಸುತ್ತಿಗೆ ಒಳಗೆ ಬಂದು ಹೇಳಿದೆ, "ಪೆಡಲ್ ನೆಲ ಮುಟ್ತಾ ಇದೆ." ಪ್ರೀಮೊ ಬ್ರೇಕಿಗೆ ಎಣ್ಣೆ ತುಂಬಿದ. ಏಳನೆಯದಕ್ಕೆ ಮತ್ತೆ ಬಂದೆ, "ಒಂದ್ಸಲ ಹಿಡಿಯುತ್ತೆ, ಒಂದ್ಸಲ ಇಲ್ಲ." ಹನ್ನೊಂದನೆಯದಕ್ಕೆ ಬಂದಾಗ ನಿನ್ನ ಮುಖ ಬೂದಿಯಾಗಿತ್ತು. "ಬ್ರೇಕ್ ಬಿಚ್ಚಿ ನೋಡ್ಬೇಕು ಧಣಿ. ಹೀಗೆ ಆಗಲ್ಲ," ಅಂದೆ. ಮೂರು ಸಲವೂ ಸುತ್ತಿನ ಸಂಖ್ಯೆಯ ಎದುರು ನಾನು ಅದನ್ನು ಬರೆದುಕೊಂಡೆ. ಓಡಿಸುವವನು ಹೇಳಿದ್ದನ್ನೆಲ್ಲ ಬರೆಯಬೇಕೆಂಬುದು ಧಣಿಯದೇ ನಿಯಮ.

ಬಿಚ್ಚಲು ಎರಡು ಗಂಟೆ ಬೇಕು ಎಂದ ಪ್ರೀಮೊ. ಧಣಿ ಅವನತ್ತ ನೋಡಲೂ ಇಲ್ಲ. ನಿನಗೆ ಹೇಳಿದ, "ಬ್ರೇಕ್ ಸರಿಯಾಗಿದೆ. ನಿನ್ನ ಕಾಲು ಸರಿಯಿಲ್ಲ. ಇಳಿ, ಕೊರ್ರಾದೊ ಓಡಿಸ್ತಾನೆ."

ನೀನು ಇಳಿಯಲಿಲ್ಲ. ಕನ್ನಡಕ ಎಳೆದುಕೊಂಡು ಹೊರಟುಬಿಟ್ಟೆ. ಹಟದಿಂದ ಹೋದೆ, ನಾನು ಮುಚ್ಚಿಡುವುದಿಲ್ಲ. ಕೊರ್ರಾದೊ ನಿನ್ನ ಜಾಗದಲ್ಲಿ ಕೂರುವುದನ್ನು ನೀನು ಸಹಿಸುತ್ತಿರಲಿಲ್ಲ. ಆದರೆ ಹಟಕ್ಕೆ ಬ್ರೇಕ್ ಕೆಡಿಸುವ ಶಕ್ತಿಯಿಲ್ಲ. ಯಾವ ಮನುಷ್ಯನ ಸಿಟ್ಟೂ ಉಕ್ಕಿನ ಕೊಳವೆಯೊಳಗಿನ ಎಣ್ಣೆಯನ್ನು ಹೀರುವುದಿಲ್ಲ.

ಹದಿಮೂರನೇ ಸುತ್ತಿನಲ್ಲಿ ದೂರದ ತಿರುವಿನಿಂದ ಬಂದ ಸದ್ದು ಸಿನಿಮಾದಲ್ಲಿ ಬಂದಂಥದ್ದಲ್ಲ. ಕೊಟ್ಟಿಗೆಯ ಬಾಗಿಲು ಗಾಳಿಗೆ ಒಮ್ಮೆ ಬಡಿದುಕೊಂಡ ಹಾಗೆ, ಅಷ್ಟೇ. ನಾನು ಕಿರುಚಲಿಲ್ಲ. ಎಡಗೈಯ ಗಡಿಯಾರ ಓಡುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕೆಂದು ಹೊಳೆಯಲಿಲ್ಲ. ಓಡಿದವನು ಕೊರ್ರಾದೊ. ಗದ್ದೆಯ ಕೆಸರಿನಲ್ಲಿ ನಾನೂರು ಮೀಟರ್, ಬೂಟು ಹೂತು, ಬರಿಗಾಲಲ್ಲಿ. ನಿನ್ನನ್ನು ಹೊರಗೆಳೆದವನು ಅವನು. ನಿನ್ನ ಕೊನೆಯ ಮಾತು ಕೇಳಿದವನೂ ಅವನೇ: "ತುಳಿದೆ ಕಣೋ ಕೊರ್ರಾದೊ. ಕೆಳಗೆ ಏನೂ ಇರ್ಲಿಲ್ಲ." ಮೂರು ವರ್ಷದಲ್ಲಿ ಮೊದಲ ಸಲ ನೀನು ಅವನ ಹೆಸರು ಹಿಡಿದು ಕರೆದಿದ್ದೆ. ಇದನ್ನು ಹೇಳುವಾಗ ಅವನು ಈಗಲೂ ಕಿಟಕಿಯ ಕಡೆ ತಿರುಗಿಕೊಳ್ಳುತ್ತಾನೆ.

ಮಿಲಾನಿನವರು ಹೇಳಿದ ಹೊತ್ತಿಗೆ ಬಂದರು. ಧಣಿ ಅವರನ್ನು ಇನ್ನೊಂದು ಕಾರಿನ ಹತ್ತಿರ ಕರೆದುಕೊಂಡು ಹೋದ. ಅದಕ್ಕೂ ಅದೇ ಬ್ರೇಕು, ಅದೇ ಕೊಳವೆ. ಕೊರ್ರಾದೊನಿಗೆ ಹೇಳಿದ, "ಹತ್ತು ಸುತ್ತು ತೋರ್ಸು. ಇವತ್ತು ನಾವು ನಿಂತ್ರೆ ಕಾರ್ಖಾನೆ ನಿಲ್ಲುತ್ತೆ." ಕೊರ್ರಾದೊನ ಅಂಗಿಯ ಮೇಲೆ ನಿನ್ನ ರಕ್ತ ಇನ್ನೂ ಒಣಗಿರಲಿಲ್ಲ. ಧಣಿಯ ಮಗ ಪಕ್ಕದಲ್ಲೇ ನಿಂತಿದ್ದ, ಟೈ ಕಟ್ಟಿಕೊಂಡು. ಕೊರ್ರಾದೊ ಕೂಗಾಡಲಿಲ್ಲ. "ಆ ಕಾರಲ್ಲಿ ನಿಮ್ಮ ಮಗನ್ನ ಕೂರ್ಸಿ. ಅವನು ವಾಪಸ್ ಬಂದ್ರೆ ನಾನು ಕೂರ್ತೀನಿ," ಅಂದ.

ಮಗ ಎರಡು ಹೆಜ್ಜೆ ಹಿಂದೆ ಸರಿದ. ಮಿಲಾನಿನವರು ತಮ್ಮ ಟೋಪಿ ತೆಗೆದುಕೊಂಡು ಹೊರಟುಹೋದರು.

ಕೊರ್ರಾದೊ ಆಮೇಲೆ ಎಂದೂ ಪಂದ್ಯಕ್ಕೆ ಇಳಿಯಲಿಲ್ಲ. ಇಳಿಯಲು ಬಿಡಲಿಲ್ಲ. ಅವನ ಎದೆ ಒಡೆದಿದೆ, ಹೆದರಿದ್ದಾನೆ ಎಂದು ಧಣಿ ಊರೂರಿಗೆ ಫೋನು ಮಾಡಿದ. ಪತ್ರಿಕೆಗಳು ಅದನ್ನೇ ಬರೆದವು. ನಿನ್ನನ್ನು ಸೋಲಿಸಬೇಕೆಂಬುದೊಂದೇ ಗುರಿಯಾಗಿದ್ದವನು, ನೀನಿಲ್ಲದ ಟ್ರ್ಯಾಕನ್ನು ತನ್ನದು ಮಾಡಿಕೊಳ್ಳಬಹುದಾಗಿದ್ದ ದಿನವೇ ಕೈಬಿಟ್ಟ. ಸಿನಿಮಾದವರಿಗೆ ಇದು ಕಥೆಯಾಗಿ ಕಾಣಲಿಲ್ಲ, ನೋಡು.

ಸಂಜೆ ಧಣಿ ನನ್ನನ್ನು ಕೋಣೆಗೆ ಕರೆಸಿ ಹೊಸ ಹಾಳೆ ಮುಂದಿಟ್ಟ. ಹಳೆಯದು ಹರಿದುಹಾಕಿ, ಬರೀ ಕಾಲಗಳನ್ನಷ್ಟೇ ನಕಲು ಮಾಡು ಎಂದ. ನಾನು ಹೇಳಿದೆ, "ಇದ್ರಲ್ಲಿ ಅವನು ಮಾತಾಡಿದ್ದಾನೆ ಧಣಿ. ಸತ್ತವನ ಬಾಯಿ ನಾನು ಮುಚ್ಚಲ್ಲ." ಆ ನಿಮಿಷಕ್ಕೇ ಕೆಲಸ ಹೋಯಿತು. ಹಾಳೆ ಕೋಟಿನೊಳಗೆ ನನ್ನ ಜೊತೆ ಹೊರಗೆ ಬಂತು. ವಿಚಾರಣೆ ನಡೆದಾಗ ಅದನ್ನು ಹಿಡಿದು ಎರಡು ದಿನ ಕೋರ್ಟಿನ ಬೆಂಚಿನ ಮೇಲೆ ಕೂತೆ. ಗುಮಾಸ್ತನೊಬ್ಬ ಅದರ ಮೇಲೆ ಕಣ್ಣಾಡಿಸಿ ವಾಪಸು ಕೊಟ್ಟ. "ಹುಡುಗಿಯರ ಪೆನ್ಸಿಲ್ ಬರಹ ಸಾಕ್ಷಿ ಆಗಲ್ಲ ಸಿನ್ಯೋರೀನಾ. ಮನೆಗೆ ಹೋಗಿ." ಪ್ರೀಮೊ ಬಾಯಿ ಬಿಡಲಿಲ್ಲ. ಅವನಿಗೆ ನಾಲ್ಕು ಮಕ್ಕಳು; ನಾನು ಅವನನ್ನು ದೂರುವುದನ್ನು ಬಿಟ್ಟು ಬಹಳ ವರ್ಷವಾಯಿತು. ಓಡಿಸಿದವನ ಅವಸರವೇ ಕಾರಣವೆಂದು ವರದಿಯಾಯಿತು.

ನಾನು ಪಕ್ಕದ ಕಾರ್ಪಿ ಊರಿನ ಸ್ವೆಟರ್ ಕಾರ್ಖಾನೆ ಸೇರಿದೆ, ಸೈಕಲ್ ರಿಪೇರಿಯವನನ್ನು ಮದುವೆಯಾದೆ, ಒಳ್ಳೆಯವನಾಗಿದ್ದ. ನೀನು ನನ್ನನ್ನು ಪ್ರೀತಿಸಿದ್ದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡು ಸಲ ನಿನ್ನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸಿದ್ದೆ. ಎರಡನೇ ಸಲ ಬೇಕೆಂದೇ ದೂರದ ದಾರಿ ಹಿಡಿದೆ. ನಾನು ಬೇಡ ಅನ್ನಲಿಲ್ಲ. ನಮ್ಮದು ಇದ್ದದ್ದು ಅಷ್ಟು, ಅದನ್ನು ಯಾರೂ ದೊಡ್ಡದು ಮಾಡಬೇಕಾಗಿಲ್ಲ.

ಚಿತ್ರಕಥೆ ಬರೆಯುವ ಹುಡುಗಿ ರೋಮಿನಿಂದ ನನ್ನ ಮನೆಗೇ ಬಂದಿದ್ದಳು. ಹಾಳೆ ತೋರಿಸಿದೆ, ಫೋಟೋ ತೆಗೆದುಕೊಂಡಳು, ಕಣ್ಣಲ್ಲಿ ನೀರು ಬೇರೆ ತಂದುಕೊಂಡಳು. ಆಮೇಲೆ ಹೇಳಿದಳು, "ಸಿನ್ಯೋರಾ, ಬ್ರೇಕ್ ಕೆಟ್ಟು ಸತ್ತ ಅಂದ್ರೆ ಅದು ಬರೀ ಆಕ್ಸಿಡೆಂಟು. ಪ್ರೀತಿಗೋಸ್ಕರ ಸತ್ತ ಅಂದ್ರೆ ಜನ ನೋಡ್ತಾರೆ."

"ಅದು ಆಕ್ಸಿಡೆಂಟ್ ಅಂತ ನಿನಗ್ಯಾರು ಹೇಳಿದ್ರು ಮಗಳೇ?" ಎಂದೆ. ಕಾಫಿ ಮುಗಿಸಿ ಹೋದವಳು ಮತ್ತೆ ಬರಲಿಲ್ಲ.

ಸಿನಿಮಾ ನೋಡಿದ ಮರುದಿನ ರೊಟ್ಟಿ ತರಲು ಹೋದರೆ ಅಂಗಡಿಯವನು ಕಣ್ಣು ಮಿಟುಕಿಸಿದ. "ನೀವೆಸ್ ಅಜ್ಜಿ, ನಿಮಗೋಸ್ಕರ ಒಬ್ಬ ಸತ್ತಿದ್ನಂತೆ? ನಮಗೆ ಹೇಳ್ಲೇ ಇಲ್ಲ." ರೊಟ್ಟಿ ಅಲ್ಲೇ ಬಿಟ್ಟು ಬಸ್ಸು ಹತ್ತಿ ಬೊಲೊನ್ಯಾಕ್ಕೆ ಹೋದೆ. ಕೊರ್ರಾದೊಗೆ ಎಂಬತ್ತೆಂಟು, ವೃದ್ಧಾಶ್ರಮದಲ್ಲಿದ್ದಾನೆ, ಎರಡು ಕೋಲು ಹಿಡಿದು ನಡೆಯುತ್ತಾನೆ. ಅವನೂ ನೋಡಿದ್ದ. "ನನ್ನ ನೀಚ ಅಂದ್ರೆ ಅನ್ಲಿ. ಅಭ್ಯಾಸ ಆಗಿದೆ. ಆದ್ರೆ ಹಾಲಿನ ಗಾಡಿಗೆ ಓಡ್ಸೋಕೆ ಬರ್ತಿರ್ಲಿಲ್ಲ ಅಂದ್ರೆ ನಾನು ಕೇಳಲ್ಲ," ಅಂದ. "ಅವನನ್ನ ಹಿಡಿಯೋಕೆ ನನಗೆ ಮೂರು ವರ್ಷ ಸಾಕಾಗ್ಲಿಲ್ಲ. ಅದೇನು ಸುಮ್ಮನೆ ಆಯ್ತಾ?"

ಆಮೇಲೆ ಅವನು ಆ ಕಲ್ಲಿನ ಮಾತೆತ್ತಿದ. ನಿನಗೆ ಗೊತ್ತಿರಲಾರದು, ನೀನು ಬಿದ್ದ ತಿರುವಿನಲ್ಲಿ ಧಣಿ ಒಂದು ಅಮೃತಶಿಲೆ ನಿಲ್ಲಿಸಿದ್ದ. ವಿಮಾನ ಮೈದಾನ ಈಗ ಉದ್ಯಾನ, ಆದರೆ ಕಲ್ಲು ಹಾಗೇ ಇದೆ. 'ಅಲ್ಚೆಯೊ ದೊಂದಿ ತನ್ನ ಆವೇಶಕ್ಕೆ ತಾನೇ ಬಲಿಯಾದ ಸ್ಥಳ' ಎಂದು ಅದರ ಮೇಲೆ ಕೆತ್ತಿದೆ. ಸಿನಿಮಾ ಬಂದ ಮೇಲೆ ಹುಡುಗಿಯರು ಅಲ್ಲಿ ಹೂವಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ.

ಕಳೆದ ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಟ್ಯಾಕ್ಸಿಯಲ್ಲಿ ಹೋದೆವು. ನನ್ನ ಚೀಲದಲ್ಲಿ ಗಂಡನ ಸುತ್ತಿಗೆ ಮತ್ತು ಉಳಿ. ಕೊರ್ರಾದೊ ಉಳಿ ಹಿಡಿದ, ನಾನು ಹೊಡೆದೆ. ಮೊದಲ ಏಟು ಅವನ ಹೆಬ್ಬೆರಳಿಗೆ ಬಿತ್ತು. ಬೊಲೊನ್ಯಾದ ವಕೀಲರ ಮನೆಯಲ್ಲಿ ಕಲಿಸದ ಮಾತೊಂದನ್ನು ಅವನು ಆಡಿದ. ಕಾಲು ಗಂಟೆಯಲ್ಲಿ 'ಆವೇಶಕ್ಕೆ' ಹೋಯಿತು. 'ತಾನೇ' ಎನ್ನುವುದರ ಮೇಲಿದ್ದಾಗ ನಗರ ಪೊಲೀಸಿನ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಬಂದಳು. ದಕ್ಷಿಣದವಳು, ಮಾತಿನಲ್ಲೇ ತಿಳಿಯಿತು.

"ಅಜ್ಜಿ, ಏನ್ ಮಾಡ್ತಿದೀರ? ಯಾರ ಅನುಮತಿ ತಗೊಂಡ್ರಿ?"

"ಅರವತ್ತೊಂದು ವರ್ಷ ಕೇಳಿದ್ವಿ. ಯಾರೂ ಕೊಡ್ಲಿಲ್ಲ," ಅಂದ ಕೊರ್ರಾದೊ, ಉಳಿ ಬಿಡದೆ.

ನಾನು ಇನ್ನೆರಡು ಏಟು ಹಾಕಿ 'ತಾನೇ'ಯನ್ನೂ ಮುಗಿಸಿದೆ. ಅವಳು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ, ವರದಿ ಬರೆಯಲೇಬೇಕಾಗುತ್ತದೆ ಎಂದಳು. ಬರಿ ಎಂದೆ. ಹೆಸರು, ವಯಸ್ಸು, ವಿಳಾಸ ಬರೆದುಕೊಂಡಳು. ಕೃತ್ಯದ ಕಾರಣ ಎಂಬಲ್ಲಿಗೆ ಬಂದು, "ಮುಪ್ಪಿನ ಮರೆವು ಅಂತ ಹಾಕ್ಲಾ? ಆಗ ನಿಮಗೆ ಏನೂ ಆಗಲ್ಲ," ಅಂದಳು. ಒಳ್ಳೆಯ ಮನಸ್ಸಿನ ಹುಡುಗಿ.

ಕೊರ್ರಾದೊ ನನ್ನ ಮುಖ ನೋಡಿದ. ನಾನು ಹಾಳೆ ತೆಗೆದು ಅವಳ ಕೈಗೆ ಕೊಟ್ಟೆ. ನಾಲ್ಕನೇ ಸುತ್ತು, ಏಳನೆಯದು, ಹನ್ನೊಂದನೆಯದು, ಬೆರಳಿಟ್ಟು ಓದಿಸಿದೆ. ಕೊರ್ರಾದೊ ನೀನು ಅವನಿಗೆ ಹೇಳಿದ್ದನ್ನು ಹೇಳಿದ. ಅವಳು ಮೂರು ಸಾಲನ್ನೂ ಇನ್ನೊಮ್ಮೆ ಓದಿದಳು. ಆಮೇಲೆ ಮತ್ತೆ ಪೆನ್ನು ಹಿಡಿದು, ಬರೆಯುತ್ತಾ ಗಟ್ಟಿಯಾಗಿ ಓದಿದಳು: "ಕಲ್ಲಿನ ಮೇಲಿನ ಬರಹ ಸುಳ್ಳಾಗಿರುವುದರಿಂದ. ಸದರಿ ಅಲ್ಚೆಯೊ ದೊಂದಿಯವರು ಬ್ರೇಕ್ ಹಿಡಿಯುತ್ತಿಲ್ಲವೆಂದು ಮಾಲೀಕರಿಗೆ ಮೂರು ಬಾರಿ ತಿಳಿಸಿದ್ದರು." ನಾವಿಬ್ಬರೂ ಸಹಿ ಹಾಕಿದೆವು. ಅವಳು ಠಸ್ಸೆ ಒತ್ತಿದಳು. ಸರ್ಕಾರದ ಕಾಗದವೊಂದು ನಿನ್ನ ಮಾತನ್ನು ಬರೆದುಕೊಂಡದ್ದು ಅದೇ ಮೊದಲು.

ಈಗ ನಮ್ಮನ್ನು ಕರೆಸುತ್ತಾರೆ. ಕರೆಸಲಿ. ಈ ಸಲ ಬೆಂಚಿನ ಮೇಲೆ ಕೂತು ಎದ್ದುಬರುವವಳು ನಾನಲ್ಲ.

ನೀನಿರುವಲ್ಲಿ ದಾರಿ ಒಣಗಿರಲಿ, ಪೆಡಲ್ ಗಟ್ಟಿಯಾಗಿರಲಿ. ಕೊರ್ರಾದೊ ಬರುವುದು ಬಹಳ ದೂರವೇನಿಲ್ಲ; ಬಂದಾಗ ಅವನನ್ನು ಸೋಲಿಸು, ಆದರೆ ಸುಲಭವಾಗಿ ಬೇಡ.

ನಿನ್ನ ಕಾಲವನ್ನು ಎಂದೂ ತಿದ್ದದ,
ನೀವೆಸ್