ಅವ್ವನ ರಂಜಕದ ಮೇಲೆ ಬಂದ ಆಪಾದನೆ

ಮೆಣಸಿನಕಾಯಿ ಮೂಸಿ ಅದು ಯಾವ ಕಡೆಯ ಹೊಲದ್ದೆಂದು ಹೇಳುತ್ತಿದ್ದ ನನ್ನ ಅಪ್ಪನಿಗೆ,

ನಿನ್ನ ದಿವಸದ ಕಾರ್ಯ ಮುಗಿದ ಮರುದಿನ ಅವ್ವ ರಂಜಕದ ಭರಣಿ ಎತ್ತಿ ಹಿತ್ತಲಿಗೆ ಒಯ್ದು ಸುರುವಿಬಿಟ್ಟಳು. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ನಿನಗೆಂದೇ ಕುಟ್ಟಿಟ್ಟಿದ್ದಳಲ್ಲ, ಅದೇ. "ಇದರಿಂದನ ಕ್ಯಾನ್ಸರ್ ಆತು. ಕರುಳು ಸುಡೂ ಹಂಗ ನಾನ ನನ್ನ ಕೈಯಾರೆ ಬಡಿಸೇನಿ," ಅಂದಳು. ಅಂದಿನಿಂದ ಬ್ಯಾಡಗಿಯಲ್ಲಿದ್ದುಕೊಂಡು ಸಪ್ಪನ ಸಾರು ಉಣ್ಣತೊಡಗಿದಳು. ನಂಬುತ್ತೀಯಾ?

ಒಮ್ಮೆ ನೀನು ದುಡಿಯುತ್ತಿದ್ದ ದಲಾಲಿ ಅಂಗಡಿಗೆ ಬಂದಿದ್ದೆ. ಚೀಲದ ಮೇಲಿನ ಮೆಣಸಿನಕಾಯಿ ನೋಡಿ "ಚಲೋ ಮಾಲು" ಅಂದೆ. ನೀನು ನಕ್ಕು, ಮೊಳಕೈ ಮುಳುಗುವವರೆಗೆ ಚೀಲದೊಳಗೆ ಕೈ ಇಳಿಸಿದೆ. "ತಳದ್ದು ತಗದ ನೋಡಬೇಕವಾ. ಮ್ಯಾಲಿಂದು ಎಲ್ಲಾರದೂ ಛಂದನ ಇರತೈತಿ." ಅಂಥವನು ಎಂಟು ತಿಂಗಳು ಸಂಡಾಸಿನಲ್ಲಿ ರಕ್ತ ಹೋದರೂ "ಉಷ್ಣಾ. ಕಾಯಿ ಘಾಟಿನಾಗ ದುಡಿಯೋರಿಗೆ ಇದ್ದದ್ದ" ಎಂದು ಮಜ್ಜಿಗೆ ಕುಡಿದುಕೊಂಡು ಕೂತೆ. ಅಂಗಡಿಯವರೆಲ್ಲ ಹೌದೆಂದರು, ನಾವೂ ಹೌದೆಂದೆವು. ನಿನ್ನದೇ ತಳಕ್ಕೆ ಯಾಕೆ ಕೈ ಹಾಕಲಿಲ್ಲ ನೀನು? ನನಗೆ ಇನ್ನೂ ಸಿಟ್ಟಿದೆ.

ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ನನ್ನ ಕೆಲಸ ಗೊತ್ತಲ್ಲ: ಬೀಜ ಯಾಕೆ ಮೊಳೆಯಲಿಲ್ಲ ಎಂದು ಹುಡುಕುವುದು. ನೀನು ಹೋದ ಮೇಲೂ ಆ ಚಟ ಬಿಡಲಿಲ್ಲ. ಹಾವೇರಿಯಲ್ಲಿ ನಿನ್ನನ್ನು ನೋಡಿದ ಡಾಕ್ಟರಮ್ಮನ ಮುಂದೆ ಹೋಗಿ ಕೂತೆ. "ಖಾರದಿಂದನ ಬಂತೇನ್ರಿ?" ಅವರು ತಿರುಗಿ ನನ್ನನ್ನೇ ಕೇಳಿದರು. ದಾರು? ಇಲ್ಲ. ಮಾಂಸ? ಇಲ್ಲ. ಬೀಡಿ? ಕಟ್ಟುಗಟ್ಟಲೆ. ಕೂತು ಮಾಡುವ ಕೆಲಸವೇ? ದಿನವೆಲ್ಲ ಗಾದಿಯ ಮೇಲೆ. ಕಾಯಿಪಲ್ಯ? ತಾಟಿನ ಅಂಚಿಗೆ ಸರಿಸುತ್ತಿದ್ದ. ಮನೆತನದಲ್ಲಿ ಯಾರಿಗಾದರೂ… ಅದು ನನಗೆ ಗೊತ್ತಿರಲಿಲ್ಲ.

ಐರಣಿಗೆ ಹೋಗಿ ನಿನ್ನ ತಂಗಿಯನ್ನು, ನಮ್ಮತ್ತೆಯನ್ನು ಕೇಳಿದೆ. "ನಮ್ಮಪ್ಪಗೂ ರಕ್ತ ಹೋಗತಿತ್ತವಾ. ಉಷ್ಣಾ ಅಂತ ಹೊಳಿ ನೀರಾಗ ಕುಂದರಸ್ತಿದ್ವಿ. ಸೊರಗಿ ಸೊರಗಿ ಹ್ವಾದ." ಅಜ್ಜನನ್ನು ತುಂಗಭದ್ರೆಯಲ್ಲಿ ಕೂರಿಸಿದರು, ನಿನಗೆ ಮಜ್ಜಿಗೆ ಕುಡಿಸಿದೆವು. ನೀನು ಇದನ್ನು ಒಮ್ಮೆಯೂ ಹೇಳಲಿಲ್ಲವಲ್ಲ, ಅಥವಾ ನಿನಗೂ ಹೊಳೆಯಲಿಲ್ಲವೇ?

ಡಾಕ್ಟರಮ್ಮನಿಗೆ ತಿಳಿಸಿದಾಗ ಅದನ್ನೂ ಬರೆದುಕೊಂಡರು. "ಇಂಥಾದ್ದರಿಂದನ ಬಂತು ಅಂತ ಒಬ್ಬರ ಬಗ್ಗೆ ಬೆಟ್ಟು ಮಾಡಿ ಹೇಳಾಕ ಬರೂದಿಲ್ರಿ. ವಯಸ್ಸು, ಬೀಡಿ, ನಾರಿಲ್ಲದ ಊಟ, ಮನೆತನ, ಎಲ್ಲಾ ಕೂಡಿರಬಹುದು. ಖಾರದ ಮ್ಯಾಲ ಮಾತ್ರ ಗಟ್ಟಿ ಸಾಕ್ಷಿ ಇಲ್ಲ." ಆಮೇಲೆ ನನ್ನ ವಯಸ್ಸು ಕೇಳಿದರು. ನಲವತ್ತೆರಡು ಅಂದೆ. "ಹಂಗಾರ ನಿಮ್ಮ ಕರುಳೊಮ್ಮೆ ನೋಡೂಣ್ರಿ."

ಇದನ್ನೆಲ್ಲ ಹೇಳಿದರೆ ಅವ್ವ ನಂಬಬೇಕಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತಿ," ಅಂದು ಸಾರಿನ ಬಟ್ಟಲು ಸರಿಸಿದಳು. ಪರೀಕ್ಷೆಯ ದಿನ ಅವಳನ್ನೂ ಕರೆದೊಯ್ದೆ. ಕ್ಯಾಮೆರಾ ನಳಿಕೆ ಕರುಳಿನೊಳಗೆ ತೂರಿಸಿದಾಗ ಹೆಸರುಕಾಳಿನಷ್ಟು ಒಂದು ಗಂಟು ಸಿಕ್ಕಿತು, ಅಪ್ಪಾ. ಅಲ್ಲೇ ತೆಗೆದರು. ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಮುಂದೆ ಆಗಬಹುದಾಗಿತ್ತಂತೆ.

ಅವ್ವ ಡಾಕ್ಟರಮ್ಮನ ಮುಖ ನೋಡಿದಳು. "ಈಕಿ ಹುಟ್ಟಿದಾಗಿಂದ ಖಾರನ ತಿನ್ನೂದಿಲ್ಲಲ್ರಿ, ಮತ್ತ…" ಎಂದು ಅರ್ಧಕ್ಕೇ ನಿಲ್ಲಿಸಿದಳು. ಬ್ಯಾಡಗ್ಯಾಗ ಹುಟ್ಟಿ ಸಕ್ರಿ ತಿನ್ನಾಕಿ ಎಂದು ನೀನು ಕಾಡಿಸುತ್ತಿದ್ದೆಯಲ್ಲ, ಆ ನಾನೇ. ಒಂದು ಬೀಜ ನೋಡಿ ಇಡೀ ಚೀಲದ ಮಾತು ಹೇಳಬಾರದೆಂದು ನನಗೆ ಗೊತ್ತು. ಅವ್ವನಿಗೆ ಮಾತ್ರ ಅದನ್ನು ಹೇಳಲಿಲ್ಲ. ಬಸ್ಸಿನಲ್ಲಿ ಊರು ಮುಟ್ಟುವವರೆಗೆ ನನ್ನ ಕೈ ಹಿಡಿದುಕೊಂಡು ಅತ್ತಳು.

ನಿನ್ನೆ ಅತ್ತೆಯ ಫೋನು ಬಂದಿತ್ತು, ತನಗೂ ಸ್ವಲ್ಪ ಉಷ್ಣ ಆಗಿದೆಯೆಂದು. ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು. "ಉಷ್ಣಾ ಪಷ್ಣಾ ಅನಬ್ಯಾಡ. ಸೋಮವಾರ ಲಗೂನ ಬಸ್ ಹತ್ತು, ಹಾವೇರಿಗೆ ನಾನ ಕರಕೊಂಡ ಹೊಕ್ಕೇನಿ." ಆಮೇಲೆ ಪೇಟೆಗೆ ಹೋಗಿ ಹಣ್ಣು ಮೆಣಸಿನಕಾಯಿ ತಂದಳು. ಚೀಲದ ತಳದಿಂದ ಆರಿಸಿದಳಂತೆ.

ಇವತ್ತು ರಂಜಕ ಕುಟ್ಟಿದಳು. ರೊಟ್ಟಿಯ ಮೇಲೆ ಹಚ್ಚಿ, ಮೊದಲ ತುತ್ತು ತಾನೇ ತಿಂದಳು.

ನಿನ್ನ ಮಗಳು